ಮಾಜಿ ಮಂತ್ರಿಗಳ ಅಡ್ವಾನ್ಸ್ ಶ್ರದ್ಧಾಂಜಲಿ

‘ನಾನು ಸತ್ರೆ ನಿಮ್ ಪೇಪರ್ನಲ್ಲಿ ಏನ್ ಹಾಕ್ತೀರಯ್ಯ?’

ಕಳೆದ ಭಾನುವಾರ ಬೆಳಗ್ಗೆ ಬಂದ ಫೋನಿನ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ತಿಂಡಿ ಆಯ್ತಾ ಎಂಬ ವಿಚಾರಣೆಯಿಲ್ಲ. ಮಾತಾಡಿದವರು ಮಧುಗಿರಿಯಲ್ಲಿರುವ ಮಾಜಿ ಎಂಪಿ, ಕೇಂದ್ರದಲ್ಲಿ ಸ್ವಲ್ಪ ಕಾಲ ಮಂತ್ರಿಯೂ ಆಗಿದ್ದವರು. (ಹೆಸರು ಬೇಡ. ಈ ಅಂಕಣ ಓದುತ್ತಾರೆ.)

ದೊಡ್ಡವರ ಶ್ರದ್ಧಾಂಜಲಿಯನ್ನು ಪತ್ರಿಕೆಯವರು ಮೊದಲೇ ಬರೆದಿಟ್ಟಿರುತ್ತಾರೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ‘ನಂದು ತೋರ್ಸು, ತಪ್ಪಿದ್ರೆ ತಿದ್ಬುಡ್ತೀನಿ.’

ನಮ್ಮ ಆಫೀಸಿನಲ್ಲಿ ಅವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದನ್ನು ಬದುಕಿರುವ ಮನುಷ್ಯನಿಗೆ ಹೇಗೆ ಹೇಳುವುದು? ‘ರೆಡಿ ಆಗ್ತಿದೆ ಸಾರ್, ಸ್ವಲ್ಪ ಡೀಟೇಲ್ಸ್ ಬೇಕಿತ್ತು’ ಎಂದು ಸುಳ್ಳು ಹೇಳಿ ಮಧುಗಿರಿ ಬಸ್ಸು ಹತ್ತಿದೆ.

ಮನೆಯ ಜಗುಲಿಯಲ್ಲಿ ಅವರ ಹೆಂಡತಿ, ಊರಿಗೆಲ್ಲ ‘ಅಮ್ಮ’, ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಸಾಹೇಬರು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಕಾಯುತ್ತಿದ್ದರು.

‘ಬರ್ಕೋ. ಪಾವಗಡಕ್ಕೆ ಸೋಲಾರ್ ಪಾರ್ಕ್ ತಂದ ದೂರದೃಷ್ಟಿಯ ನಾಯಕ.’

‘ನೀವೆಲ್ಲಿ ತಂದ್ರಿ? ಅಷ್ಟೊತ್ತಿಗೆ ಸೋತು ಮನೇಲಿದ್ರಿ’ ಎಂದರು ಅಮ್ಮ, ತಲೆ ಎತ್ತದೆ.

‘ಪಾರ್ಲಿಮೆಂಟ್ನಲ್ಲಿ ಗುಡುಗಿದ ಧೀಮಂತ.’

‘ಗುಡುಗಲ್ಲ, ಗೊರಕೆ. ಟೀವೀಲಿ ಊರೇ ನೋಡ್ತು.’

ನಾನು ಪೆನ್ನು ಎತ್ತಿಹಿಡಿದು ಕೂತೆ. ಇಷ್ಟು ವರ್ಷದ ರಾಜಕೀಯ ಹಾಳೆಯ ಮೇಲೆ ಇಳಿಯುವುದೇ ಇಲ್ಲವಲ್ಲ! ಸಾಹೇಬರ ಮುಖ ಸಣ್ಣಗಾಯಿತು. ‘ಅಂಗಾರೆ ನಾನು ಏನೂ ಮಾಡ್ಲಿಲ್ವೇನೇ?’

ಅಮ್ಮ ಕೈ ನಿಲ್ಲಿಸಿದರು. ‘ಪಾವಗಡದ ಹತ್ರದ ಹೊಸಕೋಟೆಯಿಂದ ಒಂದು ಹೆಂಗಸು ಮಗೂನ ಹಾರ್ಟ್ ಆಪರೇಷನ್ನಿಗೆ ಅಂತ ಡೆಲ್ಲಿಗೆ ಬಂದಿರಲಿಲ್ವಾ? ಬಂಗ್ಲೆಯ ನಿಮ್ ಆಫೀಸ್ ರೂಮೇ ಬುಟ್ಟುಕೊಟ್ರಿ. ಎರಡು ತಿಂಗಳು ನೀವು ವರಾಂಡದಲ್ಲಿ ಫೈಲ್ ನೋಡಿದ್ರಿ. ಆ ಮಗು ಈಗ ತಿರುಮಣಿ ಸ್ಕೂಲಲ್ಲಿ ಟೀಚರು. ಯುಗಾದಿಗೆ ತಪ್ಪದೆ ಫೋನ್ ಮಾಡ್ತಾಳೆ. ನಿಮ್ ಪಾರ್ಟಿಯೋರು ಒಬ್ರಾದ್ರೂ ಮಾಡ್ತಾರಾ?’

‘ಅದು ಮನೆ ವಿಷ್ಯ ಕಣೇ. ಸಾಧನೆ ಅಲ್ಲ.’

‘ಮತ್ತೆ ಸಾಧನೆ ಯಾವುದು? ಕಲ್ಲಿನ ಮೇಲೆ ಹೆಸರು ಕೆತ್ತಿಸಿದ್ದಾ?’ ಎಂದ ಅಮ್ಮ ನನ್ನತ್ತ ತಿರುಗಿದರು. ‘ಇನ್ನೊಂದು ಬರ್ಕೊಳ್ಳಪ್ಪ. ಮಂತ್ರಿ ಆಗಿದ್ದು ಇವ್ರು. ಬಂದೋರಿಗೆಲ್ಲ ಮುದ್ದೆ ತೊಳಸಿದ್ದು ನಾನು.’

ನಾನು ಎರಡನ್ನೂ ಬರೆದುಕೊಂಡೆ. ಸಾಹೇಬರು ಹಾಳೆ ಇಸಿದುಕೊಂಡು ನಿಧಾನವಾಗಿ ಓದಿದರು. ಸೋಲಾರ್ ಇಲ್ಲ, ಗುಡುಗಿಲ್ಲ. ಸಿಟ್ಟಾಗುತ್ತಾರೆ ಎಂದುಕೊಂಡೆ. ಕನ್ನಡಕ ತೆಗೆದು ಒರೆಸಿಕೊಂಡರು.

‘ಇರ್ಲಿ. ಎಷ್ಟು ಕಾಲಂ ಬರ್ತದೆ?’

‘ಅದು ಅವತ್ತು ಬೇರೆ ಏನು ಸುದ್ದಿ ಇರುತ್ತೆ ಅನ್ನೋದರ ಮೇಲೆ ಸಾರ್.’

‘ಅಂಗಾರೆ ಎಲೆಕ್ಷನ್ ಟೈಮಲ್ಲಿ ಮಾತ್ರ ಸಾಯ್ಬಾರ್ದು ಕಣಯ್ಯ, ಫಸ್ಟ್ ಪೇಜ್ ಸಿಕ್ಕಲ್ಲ!’