ಮುದ್ದೆ ನುಂಗಬಲ್ಲ ಅಕೌಂಟೆಂಟ್ ಬೇಕಾಗಿದ್ದಾರೆ

ವ್ಯಾಟ್ ತೆರಿಗೆ ಬಂದ ವರ್ಷ ನಮ್ಮ ಹುರಿಹಿಟ್ಟಿನ ವ್ಯಾಪಾರಕ್ಕೆ ಒಬ್ಬ ಅಕೌಂಟೆಂಟ್ ಬೇಕೇಬೇಕಾಯಿತು. ಚಿಂತಾಮಣಿಯ ನಮ್ಮ ಮನೆಯ ಹಿಂದುಗಡೆ ಶೀಟು ಹಾಕಿಕೊಂಡು ಹುರಿಹಿಟ್ಟು, ಸಾರಿನ ಪುಡಿ ಮಾಡಿ ಪೊಟ್ಟಣ ಕಟ್ಟಿ ಮಾರುತ್ತಿದ್ದೆವು. ನಮ್ಮ ಸರಕಿನಲ್ಲಿ ಮುಕ್ಕಾಲು ಪಾಲು ಕೊಳ್ಳುತ್ತಿದ್ದ ಬೆಂಗಳೂರಿನ ಅಂಗಡಿಯವರು, ದೀಪಾವಳಿಯೊಳಗೆ ಸರಿಯಾದ ವ್ಯಾಟ್ ಬಿಲ್ ಕೊಡದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು ಫೋನಿನಲ್ಲಿ ತಣ್ಣಗೆ ಹೇಳಿದ್ದರು. ಅವರು ಕೈಬಿಟ್ಟರೆ ನಾವು ಬಾಗಿಲು ಹಾಕಿದ ಹಾಗೆಯೇ. ನಮ್ಮ ಯಜಮಾನರಿಗೆ ಲೆಕ್ಕವೆಂದರೆ ಜೇಬು ಮುಟ್ಟಿ ನೋಡಿಕೊಳ್ಳುವುದು. ನಾನೋ ಕನ್ನಡ ಎಂ.ಎ. ನಿಜವಾಗಿ ಹೆದರಿದ್ದೆ.

ಜನ ಸಿಗುವುದು ಕಷ್ಟವಾಗಲಿಲ್ಲ, ಬಂದವರನ್ನು ನಮ್ಮತ್ತೆಯಿಂದ ಪಾರು ಮಾಡುವುದು ಕಷ್ಟವಾಯಿತು. ಮನೆಗೆ ಬಂದವರು ಉಣ್ಣದೆ ಹೋಗಬಾರದು ಎಂಬುದು ಅತ್ತೆಯ ಮೊದಲ ಕಾನೂನು. ಮುದ್ದೆಯನ್ನು ನುಂಗಬೇಕೇ ಹೊರತು ಅಗಿಯಬಾರದು ಎಂಬುದು ಎರಡನೆಯದು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಗಂಟಲಿಗೆ ಜಾರಿಸುವುದನ್ನು ನೋಡಿದರೆ ಮನುಷ್ಯನ ಯೋಗ್ಯತೆ ಗೊತ್ತಾಗುತ್ತದೆಂದು ಅವರು ನಂಬಿದ್ದರು. ನನ್ನನ್ನು ನೋಡಲು ಬಂದಾಗ ನನ್ನ ತವರಿನವರು ಮಾಡಿದ್ದ ಕೇಸರಿಬಾತನ್ನು ಪಕ್ಕಕ್ಕೆ ಸರಿಸಿ, ಹುಡುಗಿ ಮುದ್ದೆ ಉಣ್ಣುವುದನ್ನು ನೋಡಬೇಕೆಂದು ಕೂತವರು ಅವರು.

ಮೊದಲು ಬಂದವರು ಸೊಸೈಟಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ನಾನು ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಹೇಳಿದರು. ಊಟಕ್ಕೆ ಕೂತವರು ಮುದ್ದೆಯನ್ನು ಚೆನ್ನಾಗಿ ಅಗಿದರು. ಅವರು ಗೇಟು ದಾಟುವ ಮೊದಲೇ ತೀರ್ಪು ಬಂತು. "ಒಂದು ತುತ್ತು ಮುದ್ದೆ ನುಂಗಕ್ಕೆ ಧೈರ್ಯ ಇಲ್ದೋನು, ಟ್ಯಾಕ್ಸ್ ಆಫೀಸರ್ ಮುಂದೆ ಏನಮ್ಮ ಬಾಯಿ ಬಿಡ್ತಾನೆ?"

ಎರಡನೆಯವನು ಚಮಚ ಕೇಳಿದ. ಅವನ ವಿಷಯ ನಮ್ಮ ಮನೆಯಲ್ಲಿ ಚರ್ಚೆಗೇ ಬರಲಿಲ್ಲ. ಮೂರನೆಯವನು ಮುದ್ದೆ ನುಂಗಿದ ಚೆಂದಕ್ಕೆ ಅತ್ತೆ ಕೈತೊಳೆಯಲು ತಾವೇ ನೀರು ಕೊಟ್ಟು, ನಾಳೆಯಿಂದಲೇ ಕೆಲಸಕ್ಕೆ ಬಾ ಎಂದುಬಿಟ್ಟರು. ಅವನು ಬಂದದ್ದು ಹಿಟ್ಟಿನ ಮಿಲ್ಲಿನ ಬೆಲ್ಟು ಹಾಕಲು.

ದೀಪಾವಳಿ ಹತ್ತಿರವಾಗುತ್ತಿತ್ತು, ನನಗೆ ಮೈಯೆಲ್ಲ ಉರಿ. ಅಂಥ ಒಂದು ದಿನ ಮಧ್ಯಾಹ್ನ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಹತ್ತಿರದ ಮುರುಗಮಲ್ಲದಿಂದ ಬಂದಳು. ಅತ್ತೆ ಎಂದಿನಂತೆ ತಟ್ಟೆ ಇಟ್ಟರು. ರಂಜಾನ್ ಉಪವಾಸ ಅಜ್ಜಿ, ಸಂಜೆವರೆಗೆ ಏನೂ ಮುಟ್ಟಲ್ಲ ಎಂದಳು ಅವಳು. ನೀರೂ ಇಲ್ಲವೇ ಎಂದು ಅತ್ತೆ ಕೇಳಿದರು. ನೀರೂ ಇಲ್ಲ.

ಅತ್ತೆ ಪೇಚಿಗೆ ಬಿದ್ದರು. ಉಣ್ಣದವಳನ್ನು ಪರೀಕ್ಷೆ ಮಾಡುವುದು ಹೇಗೆ? ಕೊನೆಗೆ, ಉಪವಾಸ ಇಲ್ಲೇ ಬಿಡುವಿಯಂತೆ, ಆಮೇಲೆ ನನ್ನ ಮಗ ಬಸ್ಸಿಗೆ ಹತ್ತಿಸುತ್ತಾನೆ ಎಂದು ಅವಳನ್ನು ಕೂರಿಸಿಬಿಟ್ಟರು. ಸುಮ್ಮನೆ ಕೂರಲಾರದೆ ಅವಳು ಬಿಲ್ಲುಗಳನ್ನು ಕೇಳಿದಳು. ನಾನು ಒಂದು ಗೋಣಿಚೀಲ ತಂದು ಮುಂದೆ ಸುರಿದೆ.

ಅವತ್ತೇ ಸಾರಿನ ಪುಡಿಗೆ ಹುರಿಯುವ ದಿನ. ಕೊತ್ತಂಬರಿ, ಮೆಣಸು, ಇಂಗಿನ ಘಮ ಬೀದಿಯವರೆಗೂ ಹೋಗಿತ್ತು. ಹಸಿವು ತಡೆಯದೆ ನಾನೂ ನಮ್ಮವರೂ ಅಡುಗೆಮನೆಗೆ ಹೋದರೆ, ಅತ್ತೆ ಪಾತ್ರೆಗಳನ್ನೆಲ್ಲ ಮುಚ್ಚಿ ಮುಂದೆ ಕಾವಲು ಕೂತಿದ್ದರು. ಎದುರಿಗೆ ಒಂದು ಹೆಣ್ಣುಮಗು ನೀರೂ ಕುಡಿಯದೆ ಕೂತಿರುವಾಗ ನಿಮಗೆ ಗಂಟಲಲ್ಲಿ ಇಳಿಯುತ್ತದೆಯೇ ಎಂದರು. ನನಗೆ ಇಳಿಯುತ್ತದಮ್ಮ ಎಂದು ನಮ್ಮವರು ಹೇಳಿ ನೋಡಿದರು. ಅತ್ತೆ ನೋಡಿದ ನೋಟಕ್ಕೆ ಮತ್ತೆ ಆ ಕಡೆ ಸುಳಿಯಲಿಲ್ಲ.

ಮಸೀದಿಯಿಂದ ಆಜಾನ್ ಕೇಳಿದಾಗ ಅವಳಿಗಿಂತ ಮೊದಲು ಎದ್ದವರು ನಮ್ಮವರೇ. ಅವಳು ಬ್ಯಾಗಿನಿಂದ ಖರ್ಜೂರ ತೆಗೆದು ನಮಗೂ ಕೊಟ್ಟಳು. ನಮ್ಮವರು ಬೀಜ ಉಗಿದರೋ ಇಲ್ಲವೋ ನನಗೆ ಈಗಲೂ ಅನುಮಾನ.

ಆಮೇಲೆ ಮುದ್ದೆ ಬಂತು. ಅಷ್ಟರಲ್ಲಿ ಗೋಣಿಚೀಲದ ರಾಶಿಯೆಲ್ಲ ತಿಂಗಳುವಾರು ಕಟ್ಟಾಗಿತ್ತು. ನಮ್ಮನ್ನು ಉಳಿಸುವವಳು ಇವಳೇ ಎಂದು ನನಗೆ ಖಾತ್ರಿಯಾಗಿತ್ತು. ನುಂಗು ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ತುತ್ತು ಮುರಿದಳು, ಅದ್ದಿದಳು, ಬಾಯಿಗಿಟ್ಟಳು. ನಿಧಾನವಾಗಿ ಅಗಿಯತೊಡಗಿದಳು.

ಮುಗಿಯಿತು ಅಂದುಕೊಂಡೆ. ಅತ್ತೆ ನೋಡುತ್ತಲೇ ಇದ್ದರು. ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದರು. ನಾನು ಜಗಳಕ್ಕೆ ಸಿದ್ಧಳಾಗಿ ಹಿಂದೆಯೇ ಹೋಗಿ, ಅವಳು ಅಗಿದರೂ ನನಗೆ ಅವಳೇ ಬೇಕು ಎಂದು ಹೇಳಲು ಬಾಯಿ ತೆರೆದೆ.

"ಇಷ್ಟೊತ್ತೂ ಆ ವಾಸ್ನೆ ಕುಡ್ಕೊಂಡು, ತೊಟ್ಟು ನೀರಿಲ್ದೆ ನಮ್ಮ ಲೆಕ್ಕ ಬರೆದವ್ಳೆ," ಎಂದರು ಅತ್ತೆ. "ಹೆಂಗಾದ್ರೂ ತಿನ್ಲಿ ಕಣೇ. ನಿಂದೇನು ತಕರಾರು?"

ಕಾನೂನು ಮಾಡಿದವಳು ನಾನೇ ಎಂಬಂತೆ ನನ್ನನ್ನು ಗದರಿಸಿದರು. ನನಗೆ ನಗು ಬಂತು, ಅದರ ಜೊತೆಗೇ ಕಣ್ಣೂ ತುಂಬಿತು.

ಅವಳು ಮರುದಿನದಿಂದಲೇ ಬಂದಳು, ದೀಪಾವಳಿಯೊಳಗೆ ಬಿಲ್ಲುಗಳು ಬೆಂಗಳೂರಿಗೆ ಹೋದವು. ಆದರೆ ಉಪವಾಸದ ತಿಂಗಳು ಮುಗಿಯುವವರೆಗೆ ಅವಳಿದ್ದ ಹೊತ್ತಿನಲ್ಲಿ ಅತ್ತೆ ಪಾತ್ರೆಯ ಮುಚ್ಚಳ ತೆಗೆಯಲೇ ಇಲ್ಲ. ಆ ವರ್ಷ ರಂಜಾನ್ ಚಂದ್ರನನ್ನು ನೋಡಲು ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಮಹಡಿ ಹತ್ತಿದವರು ನಮ್ಮವರು.