ತಾರೀಕು ಗೊತ್ತಿದ್ದ ರಶೀನಾ

ನಮ್ಮ ಕಾಲೇಜಿನ ಆಡಳಿತ ಮಂಡಳಿಯವರಷ್ಟು ಬುದ್ಧಿವಂತರನ್ನು ನಾನು ಮೂಡಬಿದಿರೆಯಲ್ಲಿ ಬೇರೆಲ್ಲೂ ಕಂಡಿಲ್ಲ. ಬೆಂಕಿ ಬೀಳುತ್ತದೆ ಎಂದು ಕೂಗಿ ಹೇಳಿದವಳನ್ನೇ ಹಿಡಿದು, ಬೆಂಕಿಪೆಟ್ಟಿಗೆ ಎಲ್ಲಿ ಎಂದು ಕೇಳಿದವರು ಅವರು. ನಾನು ಅಲ್ಲಿ ಕಾಮರ್ಸ್ ಪಾಠ ಮಾಡುತ್ತಿದ್ದೆ, ರಶೀನಾ ಕಂಪ್ಯೂಟರ್ ಪಾಠ.

ಅವಳು ವಾಮದಪದವಿನವಳು. ತಂದೆ ಯಾಕೂಬ್ ಅವರಿಗೆ ಅಲ್ಲಿ ಜಿನಸಿನ ಅಂಗಡಿ. ಅಣ್ಣ ಮುಝಮ್ಮಿಲ್ ದುಬೈಯಿಂದ ಒಂದು ಹಳೆಯ ಕಂಪ್ಯೂಟರ್ ತಂದಿದ್ದ, ಅದರೊಳಗೆ ಕೂತು ಒಂದು ವೈರಸ್ಸೂ ಬಂದಿತ್ತು. ಪರದೆಯ ಮೇಲಿನ ಅಕ್ಷರಗಳು ಒಂದೊಂದೇ ಕಳಚಿ ಕೆಳಗೆ ಬಿದ್ದು ರಾಶಿಯಾಗುತ್ತಿದ್ದವಂತೆ. ಮನೆಯವರು ಯಂತ್ರ ಕೆಟ್ಟಿತು ಅಂದರು. ಇವಳು ಬೀಳಿಸುವುದು ಯಾರೆಂದು ಹುಡುಕಲು ಕೂತಳು. ಆಮೇಲೆ ಅದೇ ಅವಳ ಹುಚ್ಚಾಯಿತು. ಸಿಕ್ಕಿದ ವೈರಸ್ಸನ್ನು ಫ್ಲಾಪಿಯಲ್ಲಿ ಹಿಡಿದಿಡುವುದು, ಬಿಚ್ಚಿ ಓದುವುದು, ಅದನ್ನು ಕೀಳುವ ಪ್ರೋಗ್ರಾಂ ಬರೆಯುವುದು. ಬಂಟ್ವಾಳದಿಂದ ಕಕ್ಕಿಂಜೆಯವರೆಗೆ ಎಷ್ಟೋ ಜನರ ಕಂಪ್ಯೂಟರನ್ನು ಪುಕ್ಕಟೆ ಸರಿ ಮಾಡಿಕೊಟ್ಟಿದ್ದಾಳೆ.

ತೊಂಬತ್ತೊಂಬತ್ತರ ಏಪ್ರಿಲಿನಲ್ಲಿ ನಮ್ಮ ಆಫೀಸಿನ ಗುಮಾಸ್ತ ಎಲ್ಲಿಂದಲೋ ಆಟದ ಸಿಡಿ ತಂದು ಹಾಕಿದ. ಅದರಲ್ಲಿದ್ದ ವೈರಸ್ ಲ್ಯಾಬಿಗೂ ಬಂತು. ರಶೀನಾ ಬಿಚ್ಚಿ ನೋಡಿದಳು. ಇಪ್ಪತ್ತಾರನೇ ತಾರೀಕಿನವರೆಗೆ ಸುಮ್ಮನಿದ್ದು, ಆ ದಿನ ಯಂತ್ರ ಹಾಕಿದ ಕೂಡಲೇ ಎಲ್ಲವನ್ನೂ ಅಳಿಸಿಹಾಕುವ ಪೀಡೆ ಅದು. ಲ್ಯಾಬನ್ನು ಅವಳೇ ಸ್ವಚ್ಛ ಮಾಡಿದಳು. ಆಫೀಸಿನ ಕಂಪ್ಯೂಟರಿನಲ್ಲಿ ಮಕ್ಕಳ ವಾರ್ಷಿಕ ಪರೀಕ್ಷೆಯ ಅಂಕಗಳಿದ್ದವು. ಅದನ್ನು ಮುಟ್ಟಲು ಪ್ರಿನ್ಸಿಪಾಲರು ಬಿಡಲಿಲ್ಲ.

"ಹಾಗಾದರೆ ಆ ದಿನ ಆನ್ ಮಾಡ್ಬೇಡಿ ಸರ್. ಅಷ್ಟು ಮಾಡಿದರೆ ಸಾಕು," ಎಂದಳು.

"ಏನು ಮಾರಾಯ್ರೆ, ಕಂಪ್ಯೂಟರಿಗೂ ರಾಹುಕಾಲ ಉಂಟಾ?" ಎಂದು ನಕ್ಕರು. ಸ್ಟಾಫ್ ರೂಮಿಡೀ ನಕ್ಕಿತು.

ಇಪ್ಪತ್ತಾರಕ್ಕೆ ಗುಮಾಸ್ತ ಎಂದಿನಂತೆ ಬಂದು ಸ್ವಿಚ್ ಒತ್ತಿದ. ಅಂಕಗಳು ಹೋದವು, ಯಂತ್ರ ಮತ್ತೆ ಏಳಲೇ ಇಲ್ಲ.

ಮಂಡಳಿಯವರು ಕರೆಸಿದಾಗ ರಶೀನಾ ಉತ್ಸಾಹದಿಂದಲೇ ಹೋದಳು, ಜೊತೆಗೆ ನಾನೂ ಹೋದೆ. ಈಗಲಾದರೂ ತನ್ನ ಮಾತು ಕೇಳುತ್ತಾರೆ ಎಂದುಕೊಂಡಿದ್ದಳು, ಪಾಪ. "ತಾರೀಕು ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದರು. ಅವಳು ಕ್ಲಾಸಿನಲ್ಲಿ ಹೇಳುವ ಹಾಗೆ ನಿಧಾನವಾಗಿ ಬಿಡಿಸಿ ಹೇಳಿದಳು. ಅವರ ಮುಖ ನೋಡಿದರೆ ಅರ್ಥವಾದಂತಿರಲಿಲ್ಲ. ನಂಬಲಿ ಎಂದು ಬ್ಯಾಗಿನಿಂದ ಒಂದು ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟಳು. "ಇದೇ ಆ ವೈರಸ್. ನನ್ನ ಹತ್ತಿರ ಉಂಟು, ಬೇಕಾದರೆ ತೋರಿಸ್ತೇನೆ."

ಅಲ್ಲಿಗೆ ಮುಗಿಯಿತು. "ಅವರೇ ಒಪ್ಪಿಕೊಂಡರಲ್ಲ," ಎಂದರು ಅಧ್ಯಕ್ಷರು. ನಾನು ಎದ್ದು ನಿಂತು ಜಗಳವಾಡಿದೆ. ಕಾಮರ್ಸಿನವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಕೂರಿಸಿದರು. ಅವರಿಗೆಲ್ಲ ಬಹಳ ತಿಳಿದಿತ್ತು ನೋಡಿ! ಜೂನಿನಿಂದ ಬರುವುದು ಬೇಡ ಎಂದು ಅವಳಿಗೆ ಹೇಳಿ ಕಳಿಸಿದರು.

ಬೆಳ್ತಂಗಡಿಯಲ್ಲಿ, ಬಂಟ್ವಾಳದಲ್ಲಿ ಕೆಲಸ ಕೇಳಿದಳು. ಅವಳಿಗಿಂತ ಮೊದಲಿನ ಬಸ್ಸಿಗೇ ಸುದ್ದಿ ಹೋಗಿ ಕೂತಿರುತ್ತಿತ್ತು: ವೈರಸ್ ಬಿಟ್ಟ ಹೆಂಗಸು. ಅವಳು ಸರಿ ಮಾಡಿಕೊಟ್ಟ ಕಂಪ್ಯೂಟರುಗಳ ಯಜಮಾನರೂ ಅದನ್ನೇ ಹೇಳಿದರು. ಹಾಕುವವಳೂ ಇವಳೇ, ತೆಗೆಯುವವಳೂ ಇವಳೇ ಅಂತೆ. ಥೂ!

ಕೊನೆಗೆ ದೂರದ ಊರಿನ ಒಂದು ಆ್ಯಂಟಿವೈರಸ್ ಕಂಪೆನಿ ಅವಳ ಕೈಹಿಡಿಯಿತು. ವಾಮದಪದವಿನ ಮನೆಯಲ್ಲೇ ಕೂತು ಹೊಸ ವೈರಸ್ಸುಗಳನ್ನು ಬಿಚ್ಚಿ, ಮದ್ದು ಬರೆದು ಕಳಿಸುತ್ತಿದ್ದಳು. ಎಲ್ಲೂ ಅವಳ ಹೆಸರು ಬರುತ್ತಿರಲಿಲ್ಲ. ಬರುವುದು ಬೇಡ ಎಂದು ಅವಳೇ ಕೇಳಿಕೊಂಡಿದ್ದಳು.

ಎರಡು ಸಾವಿರದ ಆರರ ಜನವರಿಯ ಕೊನೆಗೆ ನಾನು ಅವಳ ಮನೆಯಲ್ಲಿದ್ದಾಗಲೇ ಫೋನ್ ಬಂತು. ನಮ್ಮ ಪ್ರಿನ್ಸಿಪಾಲರು! ಫೆಬ್ರವರಿ ಮೂರಕ್ಕೆ ಯಾವುದೋ ವೈರಸ್ ಫೈಲುಗಳನ್ನೆಲ್ಲ ಹಾಳು ಮಾಡುತ್ತದೆಂದು ಪೇಪರಿನಲ್ಲಿ ಓದಿದ್ದರಂತೆ. ಸ್ವರ ನನಗೂ ಕೇಳುತ್ತಿತ್ತು. "ರಶೀನಾ ಮೇಡಂ, ನಿಮಗೆ ಇದರ ಬಗ್ಗೆ ಗೊತ್ತಿರ್ಬಹುದಲ್ಲ? ಒಮ್ಮೆ ಬಂದು ನೋಡ್ತೀರಾ?"

ಆ ವೈರಸ್ಸಿಗೆ ಅವಳು ಹಿಂದಿನ ವಾರವಷ್ಟೇ ಮದ್ದು ಬರೆದು ಕಳಿಸಿದ್ದಳು.

"ಇಲ್ಲ ಸರ್," ಎಂದಳು. "ನನಗೆ ಅದೆಲ್ಲ ಏನೂ ಗೊತ್ತಿಲ್ಲ. ಈಗ ಕಂಪ್ಯೂಟರ್ ಮುಟ್ಟುವುದೇ ಇಲ್ಲ."

ಸೇಡು ತೀರಿಸಿದಳು ಎಂದು ನನಗೆ ಒಳಗೊಳಗೇ ಖುಷಿಯಾಗಿ ಅವಳ ಮುಖ ನೋಡಿದೆ. ಸೇಡಲ್ಲ. ಹೆದರಿ ಬಿಳಿಚಿಕೊಂಡಿದ್ದಳು. ಎದ್ದು ಹೋಗಿ ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿ, ಆ ಕೋಣೆಯ ಬಾಗಿಲು ಹಾಕಿ ಬಂದಳು.

"ನನಗೆ ಗೊತ್ತುಂಟು ಅಂತ ಅವರಿಗೆ ಸಂಶಯ ಬರ್ಲಿಲ್ಲ ಅಲ್ವಾ, ಅನಿಷಾ?" ಎಂದು ಕೇಳಿದಳು.