ಅಣ್ಣ ಕೂತರೆ ಹತ್ತುತ್ತಿದ್ದ ಕೆಂಪು ದೀಪ

ದೆವ್ವ, ಶಕುನ, ಮಾಟ ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಆಳಂದದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವನು ನಾನು. ಯಾರಾದರೂ ಇಂಥ ಕಥೆ ತೆಗೆದರೆ ನಡುವೆಯೇ ತಡೆದು, ನೀವು ಸರಿಯಾಗಿ ನೋಡಿಲ್ಲ ಎನ್ನುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನಾನು ಸರಿಯಾಗಿಯೇ ನೋಡಿದ್ದೆ ಎಂಬುದಷ್ಟೇ ನಾನು ಹೇಳಬಹುದಾದ ಸಮರ್ಥನೆ.

ಎಂಬತ್ತರ ದಶಕದ ಮಾತು. ನನ್ನ ಹತ್ತಿರ ಒಂದು ಹಳೆಯ ಕಾರಿತ್ತು. ಅಫಜಲಪುರದಲ್ಲಿ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಬೆಳಿಗ್ಗೆ ನಾನೂ ಹೆಂಡತಿಯೂ ಹೊರಟು, ಭೂಸನೂರಿನಲ್ಲಿ ನನ್ನ ಅಣ್ಣ ಶರಣಪ್ಪನನ್ನು ಹತ್ತಿಸಿಕೊಂಡೆವು. ಅಣ್ಣ ಅಲ್ಲಿ ಕಬ್ಬು ಬೆಳೆಯುತ್ತಿದ್ದ. ನಲವತ್ತು ದಾಟಿದ್ದರೂ ಒಂದು ದಿನ ಜ್ವರ ಅಂತ ಮಲಗಿದವನಲ್ಲ. ಅವನು ನನ್ನ ಪಕ್ಕದ ಸೀಟಿನಲ್ಲಿ ಕೂತ. ಊರು ದಾಟುವಷ್ಟರಲ್ಲಿ ಸ್ಟೀರಿಂಗ್ ಮುಂದಿನ ಮೀಟರಿನಲ್ಲಿ ಆಯಿಲ್ ದೀಪ ಕೆಂಪಗೆ ಹತ್ತಿಕೊಂಡಿತು.

ಎಂಜಿನ್ನಿಗೆ ಆಯಿಲ್ ಸರಿಯಾಗಿ ಹೋಗದಿದ್ದರೆ ಹತ್ತುವ ದೀಪ ಅದು. ಅಲಕ್ಷ್ಯ ಮಾಡಿದರೆ ಎಂಜಿನ್ ಹಿಡಿದುಕೊಂಡು ಗಾಡಿ ನಿಂತೇಬಿಡುತ್ತದೆ. ಇಳಿದು ನೋಡಿದೆ. ಆಯಿಲ್ ಭರ್ತಿ ಇತ್ತು, ಎಂಜಿನ್ ಸದ್ದೂ ಚೆನ್ನಾಗಿತ್ತು. ಆದರೂ ಜೀವ ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಅಫಜಲಪುರ ಮುಟ್ಟಿ, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಗ್ಯಾರೇಜಿಗೆ ಹೋದೆ. ದಾರಿಯುದ್ದಕ್ಕೂ ದೀಪ ಆರಲಿಲ್ಲ.

ಗ್ಯಾರೇಜಿನವರು ಮಹಿಬೂಬ ಸಾಬ್ರು. ಮೂಲ ಜೇವರ್ಗಿಯವರು, ಅಣ್ಣನದೇ ವಯಸ್ಸು. ಎಂಜಿನ್ ಚಾಲೂ ಇಟ್ಟೇ ಅವರು ಕೆಲಸಕ್ಕೆ ಕೈ ಹಾಕಿದರು. ಎಂಜಿನ್ನಿನಿಂದ ದೀಪಕ್ಕೆ ಹೋಗುವ ವೈರನ್ನೇ ಕಿತ್ತರು. ದೀಪ ಹಾಗೇ ಉರಿಯಿತು. ವೈರು ಎಲ್ಲೋ ಕಾರಿನ ತಗಡಿಗೆ ತಾಗಿರಬೇಕೆಂದು ಉದ್ದಕ್ಕೂ ಬೆರಳಾಡಿಸಿ ನೋಡಿದರು. ಎಲ್ಲೂ ಸುಲಿದಿರಲಿಲ್ಲ. ಅಷ್ಟರಲ್ಲಿ ಅಣ್ಣ ನೀರು ಕುಡಿಯಲು ಇಳಿದ. ದೀಪ ಆರಿತು.

ಸೀಟಿನ ಭಾರಕ್ಕೆ ವೈರು ಒತ್ತುತ್ತಿದೆ ಎಂದರು ಸಾಬ್ರು. ನನಗೂ ಸರಿ ಅನಿಸಿತು. ಅಣ್ಣನಿಗಿಂತ ನಾನು ದಪ್ಪ. ನಾನು ಆ ಸೀಟಿನಲ್ಲಿ ಕೂತೆ, ಹತ್ತಲಿಲ್ಲ. ನನ್ನ ಹೆಂಡತಿ ಕೂತಳು, ಹತ್ತಲಿಲ್ಲ. ಅಣ್ಣ ಕೂತ, ಹತ್ತಿತು. ಸೀಟನ್ನೇ ಬಿಚ್ಚಿ ಹೊರಗಿಟ್ಟು ಅಣ್ಣನನ್ನು ಬರೀ ತಗಡಿನ ಮೇಲೆ ಕೂಡಿಸಿದರು. ಆಗಲೂ ಹತ್ತಿತು. ಅಣ್ಣನನ್ನು ಇಳಿಸಿ, ದೀಪದ ಹಿಂದೆ ನೋಡಲು ಸಾಬ್ರೇ ಆ ಜಾಗದಲ್ಲಿ ಕೂತರು.

ದೀಪ ಹತ್ತಿತು.

ಸಾಬ್ರು ದೀಪದ ಹಿಂದೆ ಕೈ ಹಾಕಿ ಬಲ್ಬನ್ನು ಹೊರಗೆಳೆದು ನನ್ನ ಅಂಗೈಯಲ್ಲಿಟ್ಟರು. ನಾವು ಮೂವರೂ ಬಗ್ಗಿ ನೋಡಿದೆವು. ಬಲ್ಬು ನನ್ನ ಕೈಯಲ್ಲಿತ್ತು, ಮೀಟರಿನ ಗಾಜಿನ ಹಿಂದೆ ಕೆಂಪು ಬೆಳಕು ಹಾಗೇ ಇತ್ತು. ಸಾಬ್ರು ಅದರ ಮುಂದೆ ಕೈ ಒಡ್ಡಿದರು. ಗ್ರೀಸ್ ಮೆತ್ತಿದ ಅವರ ಬೆರಳುಗಳ ಮೇಲೆ ಆ ಕೆಂಪು ಬಿತ್ತು. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ನಾನು ಅಲ್ಲೇ ಒಂದು ಟೈರಿನ ಮೇಲೆ ಕೂತುಬಿಟ್ಟೆ.

ಸಾಬ್ರು ಇಳಿದು ಕೈ ಒರೆಸಿಕೊಂಡು ಅಣ್ಣನ ಕಡೆ ನೋಡಿದರು. "ಸರ್ರ, ಗಾಡ್ಯಾಗ ಏನೂ ಇಲ್ರಿ. ಇದು ನಮ್ಮಿಬ್ಬರದೇ ಏನೋ ಅದರಿ" ಎಂದರು.

ಆಮೇಲೆ ಅಣ್ಣ, ಸಾಬ್ರು ಇಬ್ಬರೂ ಎದುರುಬದುರು ಕೂತು ಒಬ್ಬರನ್ನೊಬ್ಬರು ವಿಚಾರಿಸತೊಡಗಿದರು. ತಂದೆ ಯಾರು, ತಾಯಿಯ ತವರು ಯಾವುದು, ಸಣ್ಣವರಿದ್ದಾಗ ಏನಾದರೂ ದೊಡ್ಡ ರೋಗ ಬಂದಿತ್ತೇ, ಬಾವಿಯಲ್ಲಿ ಬಿದ್ದಿದ್ದರೇ, ಹಾವು ಕಚ್ಚಿತ್ತೇ. ನಾನೂ ನಡುನಡುವೆ ಕೇಳಿದೆ. ನಾವು ಮೂಲ ಸರಸಂಬಾದವರು, ಅವರು ಜೇವರ್ಗಿಯವರು. ಒಂದೇ ಒಂದು ಸಂಗತಿಯೂ ತಾಳೆಯಾಗಲಿಲ್ಲ. ಒಂದು ತಾಸಿನ ಮೇಲೆ ಇಬ್ಬರೂ ಎದ್ದರು.

ಅಣ್ಣ ಮತ್ತೆ ಆ ಕಾರು ಹತ್ತಲಿಲ್ಲ, ತೊಟ್ಟಿಲ ಕಾರ್ಯ ಮುಗಿಸಿ ಬಸ್ಸಿಗೆ ಹೋದ. ಸಾಬ್ರು ಬಲ್ಬು ಹಾಕಿ ಎಲ್ಲ ಜೋಡಿಸಿಕೊಟ್ಟರು. ನಾವಿಬ್ಬರೇ ಊರಿಗೆ ಬಂದೆವು, ದೀಪದ ಸುದ್ದಿಯೇ ಇಲ್ಲ. ತಿಂಗಳೊಳಗೆ ಕಾರು ಮಾರಿದೆ.

ಆದರೆ ಅವರಿಬ್ಬರ ಹೋಗಿಬರುವಿಕೆ ನಿಲ್ಲಲಿಲ್ಲ. ಮೊದಮೊದಲು ಅದು, ದೀಪ ಸಾವಿನ ಶಕುನವೇನೋ ಎಂಬ ಹೆದರಿಕೆಯಿಂದಲೇ ಇತ್ತು. ಅಣ್ಣ ಅಫಜಲಪುರಕ್ಕೆ ಹೋದಾಗಲೆಲ್ಲ ಗ್ಯಾರೇಜಿನಲ್ಲಿ ಇಣುಕಿ, ಸಾಬ್ರ ಮುಖ ನೋಡಿ ಬರುತ್ತಿದ್ದ. ಅವರೂ ಭೂಸನೂರಿಗೆ ಬಂದು, ಅರಾಮ ಇದ್ದೀರಿಲ್ಲ ಎಂದು ಎರಡೆರಡು ಸಲ ಕೇಳುತ್ತಿದ್ದರು. ಬರಬರುತ್ತಾ ಹೆದರಿಕೆ ಹೋಗಿ ಸಲುಗೆ ಬೆಳೆಯಿತು. ಅಣ್ಣನ ಮಗಳ ಮದುವೆಯಲ್ಲಿ ಬಂದವರಿಗೆಲ್ಲ ನಿಂತು ಬಡಿಸಿದವರು ಸಾಬ್ರೇ.

ಒಂಬತ್ತು ವರ್ಷದ ಮೇಲೆ ಒಂದು ಮುಂಜಾನೆ ನಮ್ಮ ಶಾಲೆಗೆ ಫೋನ್ ಬಂತು. ಅಫಜಲಪುರಕ್ಕೆ ವರ್ಗವಾಗಿ ಹೋಗಿದ್ದ ಗೆಳೆಯನೊಬ್ಬ ಮಾಡಿದ್ದು. ಕೆಲಸ ಮಾಡುತ್ತ ಕೂತಲ್ಲೇ ಮಹಿಬೂಬ ಸಾಬ್ರು ಹೋಗಿಬಿಟ್ಟಿದ್ದರು. ಸಂಜೆ ಮಣ್ಣು ಮಾಡುವವರಿದ್ದರು. ಫೋನು ಇಟ್ಟ ಕೂಡಲೇ ನನ್ನ ಕಣ್ಣ ಮುಂದೆ ಬಂದವನು ಅಣ್ಣ. ದೀಪ ಹತ್ತಿದ್ದು ಇಬ್ಬರಿಗೆ. ಒಬ್ಬರು ಹೋದರು. ಮುಂದಿನ ಸರದಿ ಅಣ್ಣನದೇ ಎಂದು ವಿಜ್ಞಾನದ ಮಾಸ್ತರನಾದ ನಾನೇ ನಂಬಿಬಿಟ್ಟೆ. ಈ ಸುದ್ದಿ ಕೇಳಿದರೆ ಅಣ್ಣನ ಎದೆ ಒಡೆಯುತ್ತದೆ ಎಂದುಕೊಂಡು ಯಾರಿಗೂ ಹೇಳದೆ ಸುಮ್ಮನಿದ್ದೆ.

ಹನ್ನೆರಡು ದಿನದ ಮೇಲೆ ಅಣ್ಣ ಹೊಸ ಬೆಲ್ಲ ಕಟ್ಟಿಕೊಂಡು ಗ್ಯಾರೇಜಿಗೆ ಹೋದ. ಅಲ್ಲಿ ಗೊತ್ತಾಯಿತು. ನನ್ನ ಗೆಳೆಯ ಫೋನ್ ಮಾಡಿದ್ದೂ ತಿಳಿಯಿತು. ಅಲ್ಲಿಂದ ನೇರ ನಮ್ಮ ಮನೆಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ, ಹೆಂಡತಿ ತಂದ ನೀರನ್ನೂ ಮುಟ್ಟಲಿಲ್ಲ. ನಿನ್ನ ಜೀವಕ್ಕೆ ಹೆದರಿ ಹೇಳಲಿಲ್ಲ ಎಂದೆ.

"ನಾ ಸಾಯ್ತೇನಂತ ನೀ ಹೆದರಿದ್ಯೇನಲೇ ತಮ್ಮಾ?" ಎಂದ. "ಅಂವನ ಮಣ್ಣಿಗೆ ಹೋಗೋದ ತಪ್ಪಿಸಿಬಿಟ್ಟಿ."

ಅಣ್ಣ ಅದಾದ ಮೇಲೆ ಹನ್ನೊಂದು ವರ್ಷ ಗಟ್ಟಿಯಾಗಿಯೇ ಬದುಕಿದ. ನಮ್ಮ ಮಾತುಕತೆಯೂ ಮತ್ತೆ ಶುರುವಾಯಿತು. ಆದರೆ ನನ್ನೆದುರು ಸಾಬ್ರ ಹೆಸರನ್ನು ಅವನು ಮತ್ತೆ ಎತ್ತಲಿಲ್ಲ. ಬಲ್ಬಿಲ್ಲದಲ್ಲಿ ಬೆಳಕು ಎಲ್ಲಿಂದ ಬಂತು, ಅವರಿಬ್ಬರಿಗೇ ಯಾಕೆ ಬಂತು, ನನಗಿನ್ನೂ ತಿಳಿದಿಲ್ಲ. ಅಷ್ಟು ವರ್ಷ ಕೂಡಿ ಕೂತು ಮಾತಾಡಿದ ಅವರಿಗೆ ಏನಾದರೂ ಹೊಳೆದಿತ್ತೋ ಏನೋ. ಅಣ್ಣನನ್ನು ಕೇಳಬಹುದಿತ್ತು. ಕೇಳಲು ನನಗೆ ಮುಖವಿರಲಿಲ್ಲ.